ಮಗ ಇಂಗ್ಲೆಂಡಿನಲ್ಲಿ ಮನೆ ಕೊಳ್ಳುತ್ತಿದ್ದಾನೆ, ಪತ್ರದಲ್ಲಿ ನಮ್ಮ ಹೆಸರೂ ಬೇಕಾ?

ನವನಗರ ಮಾಸ್ತರ್, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಹೈಸ್ಕೂಲ್ ಮಾಸ್ತರ್. ಮಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನೌಕರಿಯಲ್ಲಿದ್ದಾನೆ, ಅಲ್ಲಿಗೆ ಹೋಗಿ ಕೆಲವು ವರ್ಷ ಆಯಿತು. ಈಗ ಎರಡೂವರೆ ಲಕ್ಷ ಪೌಂಡಿನ ಒಂದು ಮನೆ ನೋಡಿದ್ದಾನೆ. ಹೆಚ್ಚಿನ ಪಾಲು ಅಲ್ಲಿನ ಬ್ಯಾಂಕ್ ಸಾಲ. ಮುಂಗಡಕ್ಕೆ ಅಂತ ನಾವು 40 ಲಕ್ಷ ರೂಪಾಯಿ ಕೊಡುವ ವಿಚಾರದಲ್ಲಿದ್ದೇವೆ. ನನ್ನ ಮತ್ತು ಮನೆಯವರ ಜಂಟಿ ಹೆಸರಿನಲ್ಲಿದ್ದ ಒಂದು ಸೈಟ್ ಮಾರಿದ ಹಣ ಅದು.

ನಮ್ಮಲ್ಲಿ ಮನೆ ಕೊಳ್ಳುವುದು ಹೇಗೆ ಅಂತ ಗೊತ್ತಿದೆ. ಸಂಚಕಾರ ಕೊಡುತ್ತೇವೆ, ಉತಾರ ನೋಡುತ್ತೇವೆ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಖರೀದಿ ಪತ್ರ ಮಾಡಿಸಿಕೊಂಡು ಬರುತ್ತೇವೆ. ಅಲ್ಲಿನ ಪದ್ಧತಿ ತಿಳಿಯುತ್ತಿಲ್ಲ. “ಆಫರ್ ಒಪ್ಪಿದ್ದಾರೆ, ಮನೆ ನಮ್ಮದೇ ಆಯಿತು” ಅಂತ ಮಗ ಹೇಳುತ್ತಾನೆ. ನಿಜವಾ? ನಮ್ಮಿಬ್ಬರ ಹೆಸರೂ ಪತ್ರದಲ್ಲಿ ಬರಲಿ ಅಂತ ಮನೆಯವರ ಆಸೆ. ಹಾಗೆ ಮಾಡಬಹುದಾ? ಅಲ್ಲಿ ಮನೆ ಕೊಂಡರೆ ಸೈಟ್ ಮಾರಿದ ಲಾಭದ ಮೇಲಿನ ತೆರಿಗೆ ಉಳಿಯುತ್ತದೆಯೇ?

ಇನ್ನೊಂದು ಮಾತು. ಇಲ್ಲಿ ಪರಿಚಯದವರೊಬ್ಬರು, “ನೀವು ನನಗೆ ಇಲ್ಲಿ ರೂಪಾಯಿ ಕೊಡಿ, ನನ್ನ ಅಳಿಯ ಅಲ್ಲಿ ನಿಮ್ಮ ಮಗನಿಗೆ ಪೌಂಡ್ ಕೊಡುತ್ತಾನೆ, ಬ್ಯಾಂಕಿನ ತಲೆನೋವೇ ಇಲ್ಲ” ಅಂದಿದ್ದಾರೆ. ಮನಸ್ಸಿಗೆ ಸರಿ ಅನಿಸುತ್ತಿಲ್ಲ. ತಿಳಿದವರು ಹೇಳಿ.

ಗೋಕಾಕದಿಂದ ಲೆಸ್ಟರ್

ಮಾಸ್ತರ್ರೇ, ನಮಸ್ಕಾರ. ನಾನು ಗೋಕಾಕ ಕಡೆಯವನು, ಲೆಸ್ಟರ್‌ನಲ್ಲೇ ಮನೆ ಮಾಡಿದ್ದೇನೆ. ಇಲ್ಲಿನ ಪದ್ಧತಿಯಷ್ಟು ನಾನು ಹೇಳುತ್ತೇನೆ, ತೆರಿಗೆಯ ಲೆಕ್ಕ ಬಲ್ಲವರು ಹೇಳಲಿ.

ಆಫರ್ ಒಪ್ಪಿದ್ದಾರೆ ಅಂದರೆ ಕಾನೂನಿನ ಪ್ರಕಾರ ಇನ್ನೂ ಏನೂ ಆಗಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಎಕ್ಸ್‌ಚೇಂಜ್ (ಸಹಿ ಮಾಡಿದ ಕರಾರು ಬದಲಿಸಿಕೊಳ್ಳುವುದು) ಆಗುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಹಿಂದೆ ಸರಿಯಬಹುದು. ನಾಳೆ ಬೇರೆಯವರು ಐದು ಸಾವಿರ ಪೌಂಡ್ ಜಾಸ್ತಿ ಕೊಡುತ್ತೇನೆ ಅಂದರೆ ಮಾರುವವರು ಅವರಿಗೇ ಕೊಡಬಹುದು. ಕೇಳುವ ಹಾಗಿಲ್ಲ. (ಸ್ಕಾಟ್ಲೆಂಡಿನ ಕಾನೂನು ಬೇರೆ, ಅದನ್ನು ಇದರ ಜೊತೆ ಸೇರಿಸಬೇಡಿ.)

ಈಗ ಮಗ ಒಬ್ಬ ಸಾಲಿಸಿಟರನ್ನು, ಅಂದರೆ ವಕೀಲರನ್ನು ಹಿಡಿಯಬೇಕು. ಅವರು ಲ್ಯಾಂಡ್ ರಿಜಿಸ್ಟ್ರಿಯಲ್ಲಿ (ಇಲ್ಲಿನ ಆಸ್ತಿ ದಾಖಲೆಯ ಸರ್ಕಾರಿ ಕಚೇರಿ) ಮನೆ ಯಾರ ಹೆಸರಿನಲ್ಲಿದೆ, ಅದರ ಮೇಲೆ ಸಾಲ ಇದೆಯಾ ನೋಡುತ್ತಾರೆ. ಕೌನ್ಸಿಲ್‌ನಲ್ಲಿ ರಸ್ತೆ, ಪ್ಲಾನಿಂಗ್ ವಿಚಾರಿಸುತ್ತಾರೆ. ನೀರು, ಚರಂಡಿ, ಪ್ರವಾಹದ ಭಯ ಎಲ್ಲವನ್ನೂ ತಪಾಸಣೆ ಮಾಡುತ್ತಾರೆ. ಮನೆಯ ಗೋಡೆ, ಚಾವಣಿ ನೋಡಲು ಸರ್ವೇಯರ್ ಬೇರೆ. ಬ್ಯಾಂಕ್ ಮಾಡಿಸುವ ವ್ಯಾಲ್ಯುಯೇಶನ್ ಇದೆಯಲ್ಲ, ಅದು ಬ್ಯಾಂಕಿನ ಸಮಾಧಾನಕ್ಕೆ. ನಿಮ್ಮ ಮಗ ತನ್ನದೇ ಸರ್ವೇ ಮಾಡಿಸಲಿ, ಅಲ್ಲಿ ಜಿಪುಣತನ ಬೇಡ.

ಇದೆಲ್ಲ ಆದ ಮೇಲೆ ಎಕ್ಸ್‌ಚೇಂಜ್. ಇಬ್ಬರೂ ಸಹಿ ಮಾಡಿದ ಕರಾರಿನ ಪ್ರತಿಗಳನ್ನು ವಕೀಲರು ಬದಲಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ಶೇ. 10ರಷ್ಟು ಡಿಪಾಸಿಟ್ ಹೋಗುತ್ತದೆ. ಇಲ್ಲಿಂದ ಮುಂದೆ ಹಿಂದೆ ಸರಿದರೆ ಆ ಡಿಪಾಸಿಟ್ ಹೋಯಿತು ಅಂತಲೇ ಲೆಕ್ಕ. ಮನೆಯ ಇನ್ಶೂರೆನ್ಸ್ ಕೂಡ ಎಕ್ಸ್‌ಚೇಂಜ್ ದಿನದಿಂದಲೇ ಇರಬೇಕು. ಕೀಲಿ ಕೈಗೆ ಬರುವ ಮೊದಲೇ ನಷ್ಟದ ಹೊಣೆ ಕೊಳ್ಳುವವರ ಮೇಲೆ ಬರುವ ಕರಾರುಗಳೇ ಇಲ್ಲಿ ಜಾಸ್ತಿ.

ಕಂಪ್ಲೀಶನ್ ದಿನ ಉಳಿದ ಹಣ ವಕೀಲರಿಂದ ವಕೀಲರಿಗೆ ಹೋಗುತ್ತದೆ, ಕೀಲಿ ಸಿಗುತ್ತದೆ. ಜನ ಇಲ್ಲಿಗೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ಆ ದಿನದಿಂದ 14 ದಿನದೊಳಗೆ ಸ್ಟ್ಯಾಂಪ್ ಡ್ಯೂಟಿ ರಿಟರ್ನ್ ಸಲ್ಲಿಸಿ ತೆರಿಗೆ ಕಟ್ಟಬೇಕು. ಆಮೇಲೆ ಲ್ಯಾಂಡ್ ರಿಜಿಸ್ಟ್ರಿಗೆ ಅರ್ಜಿ. ಅಲ್ಲಿ ಹೆಸರು ದಾಖಲಾದ ಮೇಲೆಯೇ ಕಾನೂನಿನ ಕಣ್ಣಿಗೆ ಮಾಲೀಕ. ಮುದ್ರೆ ಒತ್ತಿದ ಪತ್ರ ಬರುತ್ತದೆ ಅಂತ ಕಾಯಬೇಡಿ. 2003ರಿಂದ ಅಂಥ ಸರ್ಟಿಫಿಕೇಟ್ ಕೊಡುವುದನ್ನೇ ನಿಲ್ಲಿಸಿದ್ದಾರೆ. ಕಂಪ್ಯೂಟರಿನಲ್ಲಿರುವ ದಾಖಲೆಯೇ ದಾಖಲೆ, ಅದರ ಪ್ರತಿ ತೆಗೆಸಿ ಇಟ್ಟುಕೊಳ್ಳಬೇಕು.

ಒಂದು ಎಚ್ಚರಿಕೆ, ದಯವಿಟ್ಟು ಮಗನಿಗೆ ಹೇಳಿ. “ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹಣ ಇಲ್ಲಿಗೆ ಹಾಕಿ” ಅಂತ ವಕೀಲರ ಹೆಸರಿನಲ್ಲಿ ಇಮೇಲ್ ಬಂದರೆ ನಂಬಬಾರದು. ಮೊದಲಿನಿಂದ ಗೊತ್ತಿರುವ ನಂಬರಿಗೆ ಫೋನ್ ಮಾಡಿ ಕೇಳಬೇಕು. ಇಲ್ಲಿ ಈ ಮೋಸ ಬಹಳ ನಡೆಯುತ್ತದೆ, ಹೋದ ಹಣ ಸಿಗುವುದು ಕಷ್ಟ.

ಟಿಳಕವಾಡಿ ಸಿಎ, ಬೆಳಗಾವಿ

ಮಾಸ್ತರ್ ಸರ್, ನಿಮ್ಮ ಹೆಸರು ಪತ್ರದಲ್ಲಿ ಬೇಡ. ಬಹಳ ಜನ ತಂದೆ-ತಾಯಿ ಇದೇ ಆಸೆ ಇಟ್ಟುಕೊಂಡು ಬರುತ್ತಾರೆ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಅಲ್ಲಿನ ಸ್ಟ್ಯಾಂಪ್ ಡ್ಯೂಟಿ ಕೊಳ್ಳುವವರು ಯಾರು ಅನ್ನುವುದರ ಮೇಲೆ ನಿಂತಿದೆ. ನಿಮ್ಮ ಮಗ ಪ್ರಪಂಚದ ಯಾವ ಮೂಲೆಯಲ್ಲೂ ಇದುವರೆಗೆ ಮನೆ ಹೊಂದಿಲ್ಲ ಅಂತಾದರೆ ಅವನು ಮೊದಲ ಸಲದ ಖರೀದಿದಾರ. 2025ರ ಏಪ್ರಿಲ್ 1ರಿಂದ ಇರುವ ದರದಲ್ಲಿ ಅಂಥವರಿಗೆ 3 ಲಕ್ಷ ಪೌಂಡಿನವರೆಗೆ ಸೊನ್ನೆ. ಅಂದರೆ ಎರಡೂವರೆ ಲಕ್ಷದ ಮನೆಗೆ ಒಂದು ಪೆನ್ನಿಯೂ ಇಲ್ಲ.

ಈಗ ನಿಮ್ಮಿಬ್ಬರ ಹೆಸರು ಸೇರಿಸಿ ನೋಡಿ. ಕೊಳ್ಳುವವರೆಲ್ಲರೂ ಮೊದಲ ಸಲದವರಾಗಿದ್ದರೆ ಮಾತ್ರ ಆ ರಿಯಾಯಿತಿ. ನಿಮಗೆ ನವನಗರದಲ್ಲಿ ಮನೆ ಇದೆ ಅಂದುಕೊಳ್ಳುತ್ತೇನೆ. ಹಾಗಿದ್ದರೆ ರಿಯಾಯಿತಿ ಹೋಯಿತು. ಆ ಮನೆ ಅಥವಾ ಅದರಲ್ಲಿ ನಿಮ್ಮ ಪಾಲು 40,000 ಪೌಂಡ್ ಅಥವಾ ಹೆಚ್ಚು ಬಾಳಿದರೆ ಎರಡನೇ ಮನೆಯ ಹೆಚ್ಚುವರಿ ಶೇ. 5 ಬೀಳುತ್ತದೆ. ಇದು 2024ರ ಅಕ್ಟೋಬರ್ 30ರವರೆಗೆ ಶೇ. 3 ಇತ್ತು. ಜೊತೆಗೆ ನೀವು ಅಲ್ಲಿ ವಾಸ ಇಲ್ಲದವರು. 2021ರ ಏಪ್ರಿಲ್‌ನಿಂದ ಅಂಥವರಿಗೆ ಇನ್ನೂ ಶೇ. 2 ಇದೆ. ಒಬ್ಬರು ಹಾಗಿದ್ದರೂ ಸಾಕು, ಪೂರ್ತಿ ಬೆಲೆಯ ಮೇಲೆ ಬೀಳುತ್ತದೆ.

ಲೆಕ್ಕ ಹೀಗೆ. ಮೊದಲ 1,25,000 ಪೌಂಡಿಗೆ ಸಾಮಾನ್ಯ ದರ ಸೊನ್ನೆ, ಮೇಲೆ ಹೇಳಿದ 5 ಮತ್ತು 2 ಸೇರಿ ಶೇ. 7, ಅಂದರೆ 8,750. ಉಳಿದ 1,25,000ಕ್ಕೆ ಸಾಮಾನ್ಯ ದರ 2, ಮೇಲೆ 7, ಒಟ್ಟು ಶೇ. 9, ಅಂದರೆ 11,250. ಎರಡೂ ಸೇರಿ 20,000 ಪೌಂಡ್. ಸೊನ್ನೆ ಎಲ್ಲಿ, ಇಪ್ಪತ್ತು ಸಾವಿರ ಎಲ್ಲಿ! ಹೆಸರು ಇರಲಿ ಅನ್ನುವ ಒಂದೇ ಆಸೆಗೆ ನೀವು ಕೂಡಿಟ್ಟ ಹಣದ ದೊಡ್ಡ ಭಾಗ ತೆರಿಗೆಗೆ ಹೋಗುತ್ತದೆ.

ಮಗನ ವಿಷಯದಲ್ಲೂ ಒಂದು ನೋಡಬೇಕು. ಕಂಪ್ಲೀಶನ್‌ಗೆ ಹಿಂದಿನ 12 ತಿಂಗಳಲ್ಲಿ ಅವನು 183 ದಿನ ಅಲ್ಲಿ ಇದ್ದಿರಬೇಕು. ಈ ವರ್ಷ ಊರಿಗೆ ಬಂದು ಬಹಳ ದಿನ ಇದ್ದನಾ, ಪಾಸ್‌ಪೋರ್ಟ್ ತೆಗೆದು ಎಣಿಸಲಿ.

ಸೈಟಿನ ಲಾಭದ ತೆರಿಗೆ: ವಿದೇಶದ ಮನೆಗೆ ಆ ವಿನಾಯಿತಿ ಇಲ್ಲ. 2014ರಲ್ಲಿ ಕಾಯ್ದೆ ತಿದ್ದಿ ಮನೆ ಭಾರತದಲ್ಲೇ ಇರಬೇಕು ಅಂತ ಮಾಡಿದ್ದಾರೆ. ತೆರಿಗೆ ಉಳಿಸಲೇಬೇಕು ಅಂದರೆ ಮಾರಿದ ಆರು ತಿಂಗಳೊಳಗೆ ಸರ್ಕಾರ ಸೂಚಿಸಿದ ಬಾಂಡ್‌ಗಳಲ್ಲಿ ಲಾಭದ ಹಣ ಹಾಕಬಹುದು, ಮಿತಿ 50 ಲಕ್ಷ, ಐದು ವರ್ಷ ತೆಗೆಯುವ ಹಾಗಿಲ್ಲ. ಬೇಡ ಅಂದರೆ ತೆರಿಗೆ ಕಟ್ಟಿ, ಚಲನ್ ಜೋಪಾನ ಮಾಡಿ. ಹಣದ ಮೂಲ ಕೇಳಿದಾಗ ಅಲ್ಲಿನ ವಕೀಲರಿಗೆ ಅದೂ ಒಂದು ಪುರಾವೆ.

ಜಮಖಂಡಿ ಅಕ್ಕ

ಸಿಎ ಅವರೇ, ಲೆಕ್ಕ ಸರಿ ಇದೆ. ಆದರೆ ಜೀವಮಾನದ ಗಳಿಕೆ ಕೊಟ್ಟು ಯಾವ ಕಾಗದದಲ್ಲೂ ಹೆಸರಿಲ್ಲ ಅಂದರೆ ಆ ತಾಯಿಗೆ ಹೇಗೆ ನಿದ್ದೆ ಬರಬೇಕು? ನಮ್ಮ ಓಣಿಯಲ್ಲೇ ಒಬ್ಬರು ಹೊಲ ಮಾರಿ ಮಗನಿಗೆ ಕಳಿಸಿದರು. ಮುಂದೆ ಗಂಡ-ಹೆಂಡತಿಗೆ ಸರಿ ಬರಲಿಲ್ಲ, ಮನೆ ಮಾರಿ ಹಣ ಹಂಚಿದರು. ಮುದುಕರಿಗೆ ಏನೂ ಬರಲಿಲ್ಲ. ನನ್ನ ಪ್ರಶ್ನೆ ಇಷ್ಟೇ. ರಿಜಿಸ್ಟ್ರಿಯಲ್ಲಿ ಮಗನ ಹೆಸರಿರಲಿ. ಇಷ್ಟು ಪಾಲು ತಂದೆ-ತಾಯಿಯದು ಅಂತ ಬೇರೆ ಒಪ್ಪಂದ ಮಾಡಿಕೊಳ್ಳಬಾರದಾ? ಅಥವಾ ಸಾಲ ಅಂತಾದರೂ ಬರೆಸಿಕೊಳ್ಳಬಾರದಾ?

ಟಿಳಕವಾಡಿ ಸಿಎ, ಬೆಳಗಾವಿ

ಅಕ್ಕಾ, ನಿಮ್ಮ ಮಾತು ಪೂರ್ತಿ ನ್ಯಾಯವಾದದ್ದು. ಉತ್ತರ ಕೊಡಲೇಬೇಕು.

ಅಂಥ ಒಪ್ಪಂದಕ್ಕೆ ಅಲ್ಲಿ ಡಿಕ್ಲರೇಶನ್ ಆಫ್ ಟ್ರಸ್ಟ್ ಅನ್ನುತ್ತಾರೆ. ಆದರೆ ತೆರಿಗೆಯವರು ರಿಜಿಸ್ಟ್ರಿಯಲ್ಲಿ ಹೆಸರಿದೆಯಾ ಅಂತ ಮಾತ್ರ ನೋಡುವುದಿಲ್ಲ, ಪಾಲು ನಿಜವಾಗಿ ಯಾರದು ಅಂತಲೂ ನೋಡುತ್ತಾರೆ. ಕೊಳ್ಳುವಾಗಲೇ ತಂದೆ-ತಾಯಿಗೆ ಪಾಲು ಇದ್ದರೆ ಅವರೂ ಖರೀದಿದಾರರೇ, ಅದೇ 20,000 ಪೌಂಡ್ ಬರುತ್ತದೆ. ಇನ್ನು ಸಾಲ. ಹೆಚ್ಚಿನ ಬ್ಯಾಂಕುಗಳು ಮುಂಗಡದ ಹಣಕ್ಕೆ ದಾನದ ಪತ್ರ ಕೇಳುತ್ತವೆ. “ಈ ಹಣ ವಾಪಸ್ ಕೇಳುವುದಿಲ್ಲ, ಮನೆಯಲ್ಲಿ ನಮಗೆ ಹಕ್ಕಿಲ್ಲ” ಅಂತ ತಂದೆ-ತಾಯಿ ಸಹಿ ಹಾಕಬೇಕು. ಅದಕ್ಕೆ ಸಹಿ ಹಾಕಿ ಇತ್ತ ಗುಟ್ಟಾಗಿ ಸಾಲದ ಪತ್ರ ಬರೆಸಿಕೊಂಡರೆ ಬ್ಯಾಂಕಿಗೆ ಸುಳ್ಳು ಹೇಳಿದ ಹಾಗೆ. ಅದನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ.

ಮತ್ತೊಂದು ಕಷ್ಟವೂ ಇದೆ. ಭಾರತದಲ್ಲಿರುವವರ ಪಾಲು ವಿದೇಶದ ಮನೆಯಲ್ಲಿದ್ದರೆ ಪ್ರತಿ ವರ್ಷ ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ಅಂತ ತೋರಿಸಬೇಕು. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶ ಇದೆ. 20 ಲಕ್ಷದೊಳಗಿನ ವಿದೇಶಿ ಆಸ್ತಿಗೆ ಕೊಟ್ಟ ಸಡಿಲಿಕೆ ಮನೆ, ಜಾಗಕ್ಕೆ ಅನ್ವಯಿಸುವುದಿಲ್ಲ. ಎಪ್ಪತ್ತು ದಾಟಿದವರ ಮೇಲೆ ಈ ಹೊರೆ ಯಾಕೆ?

ಹಾಗಾಗಿ ನನ್ನ ಅಭಿಪ್ರಾಯ ಇದು. ವಾಪಸ್ ಬರದಿದ್ದರೂ ನಮ್ಮ ಜೀವನ ನಡೆಯುತ್ತದೆ ಅನ್ನುವಷ್ಟನ್ನು ಮಾತ್ರ ದಾನವಾಗಿ ಕೊಡಿ. ಉಳಿದದ್ದು ಇಲ್ಲೇ ನಿಮ್ಮಿಬ್ಬರ ಹೆಸರಿನಲ್ಲಿರಲಿ. ಮಗ ಸಾಲ ಸ್ವಲ್ಪ ಹೆಚ್ಚು ತೆಗೆಯಲಿ ಅಥವಾ ಸಣ್ಣ ಮನೆ ನೋಡಲಿ. ವಯಸ್ಸಾದ ಮೇಲೆ ಕೈಯಲ್ಲಿ ಹಣ ಇರುವುದು ಮುಖ್ಯ ಅಲ್ವಾ?

ಜಮಖಂಡಿ ಅಕ್ಕ

ಇದು ಒಪ್ಪುವ ಮಾತು. ಮಾಸ್ತರ್ರೇ, ಮನೆಯವರಿಗೆ ಇದನ್ನು ಕೂರಿಸಿಕೊಂಡು ಓದಿ ಹೇಳಿ.

ಫಾರೆಕ್ಸ್ ಡೆಸ್ಕ್ ನಿವೃತ್ತ, ಬೆಳಗಾವಿ

ರೂಪಾಯಿ ಇಲ್ಲಿ, ಪೌಂಡ್ ಅಲ್ಲಿ ಅನ್ನುವ ಮಾತನ್ನು ಇವತ್ತೇ ಬಿಡಿ ಮಾಸ್ತರ್ರೇ. ಅದು ಹವಾಲಾ. ವಿದೇಶಿ ವಿನಿಮಯದ ಫೆಮಾ ಕಾಯ್ದೆಯಲ್ಲಿ ಆ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಬಹುದು. ಅಷ್ಟೇ ಅಲ್ಲ, ಲೆಸ್ಟರ್‌ನ ವಕೀಲರು ಈ ಹಣ ಎಲ್ಲಿಂದ ಬಂತು ಅಂತ ಕೇಳುತ್ತಾರೆ. ಗುರುತಿಲ್ಲದ ಯಾರದೋ ಖಾತೆಯಿಂದ ಬಂದದ್ದಾದರೆ ಕೆಲಸವನ್ನೇ ನಿಲ್ಲಿಸುತ್ತಾರೆ. ಮಗನ ಹೆಸರೂ ಕೆಡುತ್ತದೆ.

ಸರಿಯಾದ ದಾರಿ ಸುಲಭವಾಗಿದೆ. ಇಲ್ಲಿನವರು ವಿದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆ 2004ರಲ್ಲಿ 25,000 ಡಾಲರ್ ಮಿತಿಯಿಂದ ಶುರುವಾಯಿತು. ಈಗ ಒಬ್ಬೊಬ್ಬರಿಗೆ ಆರ್ಥಿಕ ವರ್ಷಕ್ಕೆ 2,50,000 ಡಾಲರ್. ನಿಮ್ಮ ಮೊತ್ತ ಅದರ ಹತ್ತಿರಕ್ಕೂ ಬರುವುದಿಲ್ಲ. ಪ್ಯಾನ್ ಬೇಕು, ಎ2 ಫಾರಂ ತುಂಬಬೇಕು. ಉದ್ದೇಶದ ಜಾಗದಲ್ಲಿ ದಾನ ಅಂತಲೇ ಬರೆಸಿ. ಮನೆ ಖರೀದಿ ಅಂತ ಬರೆಸಿದರೆ ಮನೆ ನಿಮ್ಮದು ಅನ್ನುವ ಅರ್ಥ ಬರುತ್ತದೆ, ಮುಂದೆ ಕಾಗದಗಳು ಒಂದಕ್ಕೊಂದು ತಾಳೆ ಆಗುವುದಿಲ್ಲ.

ನಮ್ಮ ಕಡೆ ಜನ ಸೌಹಾರ್ದ, ಪತ್ತಿನ ಸಹಕಾರಿಗಳಲ್ಲಿ ಹಣ ಇಡುತ್ತಾರೆ. ಅಲ್ಲಿಂದ ನೇರ ವಿದೇಶಕ್ಕೆ ಹೋಗುವುದಿಲ್ಲ. ವಿದೇಶಿ ವಿನಿಮಯದ ಅನುಮತಿ ಇರುವ ಬ್ಯಾಂಕಿಗೆ ಮೊದಲು ವರ್ಗಾಯಿಸಿಕೊಳ್ಳಿ. ಹೊಸ ಖಾತೆ ತೆರೆಯುವ ಬದಲು ಪಿಂಚಣಿ ಬರುವ ಹಳೇ ಖಾತೆಯಿಂದಲೇ ಕಳಿಸಿ, ಹೊಸ ಗ್ರಾಹಕರಿಗೆ ವಿಚಾರಣೆ ಜಾಸ್ತಿ. ಸಣ್ಣ ಶಾಖೆಗಳಲ್ಲಿ ಈ ಕೆಲಸ ಅಪರೂಪ, ಫಾರಂ ದೊಡ್ಡ ಶಾಖೆಗೆ ಹೋಗಿ ಬರುತ್ತದೆ. ಎಕ್ಸ್‌ಚೇಂಜ್ ದಿನಾಂಕ ಗೊತ್ತಾದ ಮೇಲೆ ಓಡಾಡಿದರೆ ಸಮಯ ಸಾಲುವುದಿಲ್ಲ. ಮೊದಲೇ ಮ್ಯಾನೇಜರನ್ನು ಭೇಟಿ ಮಾಡಿ.

ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕ್ ಹಿಡಿಯುವ ತೆರಿಗೆ) ಬಗ್ಗೆ ಗಾಬರಿ ಬೇಡ. ಒಬ್ಬರು ವರ್ಷಕ್ಕೆ 10 ಲಕ್ಷ ದಾಟಿ ಕಳಿಸಿದರೆ, ದಾಟಿದ ಭಾಗದ ಮೇಲೆ ಬ್ಯಾಂಕ್ ಶೇ. 20 ಹಿಡಿಯುತ್ತದೆ. ಈ 10 ಲಕ್ಷದ ಮಿತಿ 2025ರ ಏಪ್ರಿಲ್‌ನಿಂದ, ಮೊದಲು 7 ಲಕ್ಷ ಇತ್ತು. ಸೈಟ್ ಇಬ್ಬರದ್ದೂ ಆಗಿದ್ದರಿಂದ ತಲಾ 20 ಲಕ್ಷ ಅವರವರ ಖಾತೆಯಿಂದಲೇ ಹೋದರೆ, ಒಬ್ಬೊಬ್ಬರಿಗೆ 2 ಲಕ್ಷ ಟಿಸಿಎಸ್. ಒಬ್ಬರೇ 40 ಕಳಿಸಿದರೆ 6 ಲಕ್ಷ. ಇದು ಹೋದ ಹಣ ಅಲ್ಲ. ರಿಟರ್ನ್ ಹಾಕಿದಾಗ ನಿಮ್ಮ ತೆರಿಗೆಗೆ ಜಮೆ ಆಗುತ್ತದೆ, ಹೆಚ್ಚಿದ್ದರೆ ವಾಪಸ್ ಬರುತ್ತದೆ. ಸೈಟಿನ ಲಾಭದ ತೆರಿಗೆಗೂ ಹೊಂದಿಸಿಕೊಳ್ಳಬಹುದು. ಆದರೆ ಅಷ್ಟು ಹಣ ಕೆಲವು ತಿಂಗಳು ಸಿಕ್ಕಿಹಾಕಿಕೊಳ್ಳುತ್ತದೆ, ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಒಣದ್ರಾಕ್ಷಿ ವ್ಯಾಪಾರಿ, ವಿಜಯಪುರ

ಇದೇ ವಿಷಯ ನಡೆದಿರುವುದರಿಂದ ದುಬೈ ಕಡೆ ನೋಡುವವರಿಗೆ ನಾಲ್ಕು ಮಾತು. ನಾನು ಅಲ್ಲಿ ನನ್ನ ಹೆಸರಿನಲ್ಲೇ ಒಂದು ಫ್ಲ್ಯಾಟ್ ಕೊಂಡಿದ್ದೇನೆ, ಕಟ್ಟಡ ಏಳುವ ಮೊದಲೇ ಬುಕ್ ಮಾಡಿದ್ದು.

ದುಬೈನಲ್ಲಿ ಹೊರಗಿನವರು ಎಲ್ಲ ಕಡೆ ಕೊಳ್ಳುವ ಹಾಗಿಲ್ಲ. 2006ರ ಕಾನೂನಿನಂತೆ ಗುರುತು ಮಾಡಿದ ಪ್ರದೇಶಗಳಲ್ಲಿ ಮಾತ್ರ. ಕಟ್ಟುತ್ತಿರುವ ಮನೆಯಾದರೆ ಹಣ ಆ ಯೋಜನೆಯ ಎಸ್ಕ್ರೋ ಖಾತೆಗೇ (ಆ ಕಟ್ಟಡಕ್ಕೆಂದೇ ಇರುವ ಪ್ರತ್ಯೇಕ ಖಾತೆ) ಹೋಗಬೇಕು, 2007ರಿಂದ ಅದಕ್ಕೆ ಕಾನೂನು ಇದೆ. ಏಜೆಂಟರ ಖಾತೆಗೆ ಒಂದು ದಿರ್ಹಮ್ ಕೂಡ ಹಾಕಬೇಡಿ. ನಿಮ್ಮ ಖರೀದಿ ಲ್ಯಾಂಡ್ ಡಿಪಾರ್ಟ್‌ಮೆಂಟಿನಲ್ಲಿ ಊಕೂದ್ ಅನ್ನುವ ತಾತ್ಕಾಲಿಕ ದಾಖಲೆಗೆ ಸೇರುತ್ತದೆ. ಶುಲ್ಕ ಬೆಲೆಯ ಶೇ. 4. ಕಟ್ಟಡ ಮುಗಿದ ಮೇಲೆ ಟೈಟಲ್ ಡೀಡ್. ಎಷ್ಟೋ ಜನ ಊಕೂದ್ ಸಿಕ್ಕಿತು ಅಂತ ಸುಮ್ನೆ ಕೂರುತ್ತಾರೆ. ಟೈಟಲ್ ಡೀಡ್ ಕೈಗೆ ಬರುವವರೆಗೆ ಬೆನ್ನು ಹತ್ತಬೇಕು.

ನಮ್ಮ ಕಡೆ ಹೋಟೆಲ್‌ಗಳಲ್ಲಿ ಪ್ರದರ್ಶನ ಇಟ್ಟು, ಬುಕಿಂಗಿಗೆ ಕ್ರೆಡಿಟ್ ಕಾರ್ಡ್ ಉಜ್ಜಿ ಅನ್ನುವ ಏಜೆಂಟರು ಬರುತ್ತಾರೆ. ಒಪ್ಪಬೇಡಿ. ಮನೆಯ ಹಣ ಎಲ್‌ಆರ್‌ಎಸ್‌ನಲ್ಲಿ ಬ್ಯಾಂಕ್ ಮೂಲಕವೇ ಹೋಗಬೇಕು. ಇದಕ್ಕೆ ಇಲ್ಲಿನ ಬ್ಯಾಂಕ್ ಸಾಲವನ್ನೂ ಕೊಡುವಂತಿಲ್ಲ. ಕಂತಿನ ಯೋಜನೆ ಇದ್ದರೆ ಸಹಿಗೆ ಮೊದಲೇ ಬ್ಯಾಂಕಿಗೂ ಸಿಎಗೂ ತೋರಿಸಿ. ವ್ಯವಹಾರ ಮುರಿದು ಕಳಿಸಿದ ಹಣ ಅಲ್ಲೇ ಉಳಿದರೆ 180 ದಿನದೊಳಗೆ ವಾಪಸ್ ತರಬೇಕು.

ನೀವೇ ಹೋಗಲು ಆಗದಿದ್ದರೆ ಮುಖತ್ಯಾರಪತ್ರ ಬೇಕು. ಇಂಗ್ಲೆಂಡಿಗೆ ಅಪೋಸ್ಟಿಲ್ ಮುದ್ರೆ (ಒಪ್ಪಂದ ಮಾಡಿಕೊಂಡ ದೇಶಗಳು ಪರಸ್ಪರ ಒಪ್ಪುವ ದೃಢೀಕರಣ) ಸಾಕು. ಯುಎಇ ಆ ಒಪ್ಪಂದದಲ್ಲಿ ಇಲ್ಲ. ನೋಟರಿ, ರಾಜ್ಯ ಸರ್ಕಾರದ ದೃಢೀಕರಣ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಆಮೇಲೆ ಅಲ್ಲಿನ ವಿದೇಶಾಂಗ ಇಲಾಖೆ, ಅರೇಬಿಕ್ ಅನುವಾದ. ಉದ್ದದ ದಾರಿ. ನನ್ನ ಮಟ್ಟಿಗೆ ವಿಮಾನ ಹತ್ತುವುದೇ ಹಗುರ ಅನ್ನಿಸಿತು.

ಗೋಕಾಕದಿಂದ ಲೆಸ್ಟರ್

ಕಾಗದದ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ದಾನ ಕೊಡುವವರ ಪಾಸ್‌ಪೋರ್ಟ್ ಅಥವಾ ಗುರುತು, ವಿಳಾಸದ ಪುರಾವೆ, ಕೆಲವು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಇಲ್ಲಿನ ವಕೀಲರು ಕೇಳುತ್ತಾರೆ. ಸೈಟಿನ ಖರೀದಿ ಪತ್ರ ಕನ್ನಡದಲ್ಲಿದ್ದರೆ ಪ್ರಮಾಣೀಕರಿಸಿದ ಇಂಗ್ಲಿಷ್ ಅನುವಾದ ಬೇಕು. ಬೆಳಗಾವಿ ಕಡೆಯ ಹಳೇ ಪತ್ರಗಳು ಮರಾಠಿಯಲ್ಲಿರುತ್ತವೆ, ಅವಕ್ಕೂ ಅಷ್ಟೇ. ಪತ್ರದಲ್ಲಿ ಒಂದು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು ಇದ್ದರೆ ಇಬ್ಬರೂ ಒಬ್ಬರೇ ಅನ್ನುವ ಅಫಿಡವಿಟ್ ಈಗಲೇ ಮಾಡಿಸಿ.

ನವನಗರ ಮಾಸ್ತರ್, ಬಾಗಲಕೋಟೆ

ಎಲ್ಲರಿಗೂ ಮನಸಾರೆ ಕೃತಜ್ಞತೆ. ಮನೆಯವರಿಗೆ ಓದಿ ಹೇಳಿದೆ. ಅವರೇ ನಿರ್ಧಾರ ಮಾಡಿದರು. ಇಬ್ಬರೂ ಸೇರಿ 25 ಲಕ್ಷ ಕೊಡುತ್ತೇವೆ, ತಲಾ ಹನ್ನೆರಡೂವರೆ. ಹೆಸರು ಬೇಡ. ಉಳಿದದ್ದು ಇಲ್ಲೇ ಇರುತ್ತದೆ. ಹವಾಲಾದವರಿಗೆ ಆಗುವುದಿಲ್ಲ ಅಂತ ಹೇಳಿಬಿಟ್ಟೆ.

ಆದರೆ ಸಿಎ ಅವರು “ಪ್ರಪಂಚದ ಯಾವ ಮೂಲೆಯಲ್ಲೂ” ಅಂದದ್ದು ತಲೆಯಲ್ಲಿ ಕೊರೆಯುತ್ತಿದೆ. ನಮ್ಮ ತಂದೆ ಮೃತ್ಯುಪತ್ರ ಬರೆದು ಬಾದಾಮಿ ತಾಲೂಕಿನ ಹಳ್ಳಿ ಮನೆಯನ್ನು ಮೊಮ್ಮಕ್ಕಳಿಗೆ ಕೊಟ್ಟು ಹೋದರು. ಪಂಚಾಯಿತಿ ಉತಾರದಲ್ಲಿ ಉಳಿದ ಮೊಮ್ಮಕ್ಕಳ ಜೊತೆ ನನ್ನ ಮಗನ ಹೆಸರೂ ಇದೆ. ಹಳೇ ಮಣ್ಣಿನ ಮನೆ, ಬೆಲೆ ಹೆಚ್ಚೇನಿಲ್ಲ. ಇದು ಲೆಕ್ಕಕ್ಕೆ ಬರುತ್ತದೆಯಾ? ಈಗಲೇ ಹಕ್ಕು ಬಿಡುಗಡೆ ಪತ್ರ ಮಾಡಿಸಿ ಅವನ ಹೆಸರು ತೆಗೆಸಿದರೆ ಆಗುತ್ತದೆಯಾ?

ಟಿಳಕವಾಡಿ ಸಿಎ, ಬೆಳಗಾವಿ

ಒಳ್ಳೆಯದಾಯಿತು ಸರ್, ಈಗಲೇ ಹೇಳಿದಿರಿ. ಲೆಕ್ಕಕ್ಕೆ ಬರುತ್ತದೆ. ಅಜ್ಜನಿಂದ ಬಂದ ಪಾಲು, ಸಣ್ಣ ಪಾಲು ಆದರೂ ಅದು ವಾಸದ ಮನೆಯೇ. ಹಾಗಾಗಿ ಮೊದಲ ಸಲದ ರಿಯಾಯಿತಿ ಕೇಳುವ ಹಾಗಿಲ್ಲ. ಹೊಲ ಮಾತ್ರ ಆಗಿದ್ದರೆ ಈ ತೊಂದರೆ ಇರಲಿಲ್ಲ. ಈಗ ಹೆಸರು ತೆಗೆಸಿ ಪ್ರಯೋಜನ ಇಲ್ಲ, ಹಿಂದೆ ಯಾವಾಗಲಾದರೂ ಇತ್ತಾ ಅಂತಲೇ ಪ್ರಶ್ನೆ. ಅಜ್ಜ ಪ್ರೀತಿಯಿಂದ ಕೊಟ್ಟ ಪಾಲನ್ನು ಸುಮ್ನೆ ಬಿಡಿಸಬೇಡಿ.

ಹೆದರುವಂಥದ್ದೂ ಇಲ್ಲ. ಅವನ ಪಾಲಿನ ಬೆಲೆ 40,000 ಪೌಂಡಿಗಿಂತ ಕಡಿಮೆ ಇರುವುದರಿಂದ ಹೆಚ್ಚುವರಿ ಶೇ. 5 ಬೀಳುವುದಿಲ್ಲ. ಸಾಮಾನ್ಯ ದರದಲ್ಲಿ ಎರಡೂವರೆ ಲಕ್ಷದ ಮನೆಗೆ 2,500 ಪೌಂಡ್ ಆಗುತ್ತದೆ. ಅದನ್ನು ಕಟ್ಟಲಿ. ರಿಟರ್ನ್ ಸಲ್ಲಿಸುವುದು ವಕೀಲರಾದರೂ ಅದರಲ್ಲಿರುವ ಮಾತಿಗೆ ಹೊಣೆ ಮಗನೇ. ಪಂಚಾಯಿತಿ ಉತಾರ, ಮೃತ್ಯುಪತ್ರ, ಸ್ಥಳೀಯ ಇಂಜಿನಿಯರ್ ಕೊಡುವ ಬೆಲೆಯ ವರದಿ, ಮೂರಕ್ಕೂ ಅನುವಾದ ಮಾಡಿಸಿ ಈ ವಾರವೇ ಲೆಸ್ಟರ್‌ಗೆ ಕಳಿಸಿ. ತಲಾ ಹನ್ನೆರಡೂವರೆ ಲಕ್ಷಕ್ಕೆ ಟಿಸಿಎಸ್ 50,000 ರೂಪಾಯಿ ಬರುತ್ತದೆ, ಬ್ಯಾಂಕಿಗೆ ಹೋಗುವಾಗ ಖಾತೆಯಲ್ಲಿ ಅಷ್ಟು ಹೆಚ್ಚಿಗೆ ಇರಲಿ.